ಸೈದಾನಬಿ ಕಟ್ಟಿದ ಬ್ರೇಕು

ನಾನು ಗುಂಡಗುರ್ತಿಯ ಮಠದ ಮನೆಯ ಗುರುಲಿಂಗಯ್ಯ. ಅಯ್ಯನೋರ ಮನೆಯಲ್ಲಿ ಹುಟ್ಟಿ ಡ್ರೈವರ್ ಆದನಲ್ಲ ಎಂದು ನಮ್ಮ ಕಡೆ ಇಂದಿಗೂ ಮೂಗು ಮುರಿಯುವವರಿದ್ದಾರೆ. ಮುರಿಯಲಿ, ಮೂಗು ಅವರದು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಯುಷ್ಯದಲ್ಲಿ ನಾನು ಹೊಗಳಿದ ಮಂದಿ ಕಡಿಮೆ, ಬೈದ ಮಂದಿಯೇ ಹೆಚ್ಚು. ಆದರೆ ಶಹಾಬಾದಿನ ಸೈದಾನಬಿಯ ಮಾತು ಬಂದರೆ ನನ್ನ ಬಾಯಿಂದ ಒಂದು ಬೈಗುಳವೂ ಹೊರಡುವುದಿಲ್ಲ. ಅಂಥ ಕೈ, ಅಂಥ ಮನಸ್ಸು ನಾನು ಮತ್ತೆ ನೋಡಲಿಲ್ಲ.

ಆಗಿನ್ನೂ ನಮ್ಮ ರಾಜ್ಯಕ್ಕೆ ಮೈಸೂರು ಎಂದೇ ಹೆಸರು. ನಾನು ನಮ್ಮೂರಿನ ರೇವಣಪ್ಪಗೌಡರ ಲ್ಯಾಂಡ್‌ಮಾಸ್ಟರ್ ಕಾರು ನಡೆಸುತ್ತಿದ್ದೆ. ಹೈದರಾಬಾದಿನ ಯಾರೋ ವಕೀಲರು ಬಳಸಿ ಬಿಟ್ಟ ಹಳೆಯ ಗಾಡಿ ಅದು. ಗೌಡರು ಬೆಳಿಗ್ಗೆ ನನ್ನ ಕಾಲಿಗೆರಗಿ ವಿಭೂತಿ ಹಚ್ಚಿಕೊಳ್ಳುವರು, ಗಾಡಿ ಹತ್ತಿದ ಮೇಲೆ ಅದೇ ಬಾಯಿಂದ "ಅಯ್ನೋರ, ನಿಮಗ ಗೇರ್ ಹಾಕೂದು ಬರ್ತದೋ ಇಲ್ಲೋ?" ಎಂದು ಬೈಯುವರು. ಕಾಲಿಗೆ ಬಿದ್ದದ್ದು ಅಯ್ಯನಿಗೆ, ಬೈದದ್ದು ಡ್ರೈವರಿಗೆ. ಇಬ್ಬರೂ ನಾನೇ ಆದ್ದರಿಂದ ಎರಡನ್ನೂ ಸಮನಾಗಿ ತಗೊಳ್ಳುತ್ತಿದ್ದೆ.

ಗೌಡರು ಹುಟ್ಟಾ ಎತ್ತಿನ ಮನುಷ್ಯ. ಅವರ ಬಂಡಿಯಷ್ಟು ಹಗುರಾಗಿ ಓಡುವ ಬಂಡಿ ಸುತ್ತ ಹತ್ತು ಹಳ್ಳಿಯಲ್ಲಿ ಇರಲಿಲ್ಲ. ಕಾರು ಬಂದ ಮೇಲೂ ಅವರ ಕಣ್ಣಿಗೆ ಅದು ಎತ್ತೇ. ನಿಂತಾಗ ಬಾನೆಟ್ಟಿನ ಮೇಲೆ ಬೆನ್ನು ತಟ್ಟುವಂತೆ ತಟ್ಟುವರು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಉಳಿದದ್ದನ್ನು ಕಾರಿನ ದೀಪದ ಸುತ್ತ ಬಳಿಸುವರು. ನಾನು ನಕ್ಕರೆ, "ನಗಬ್ಯಾಡ್ರಿ, ಅದಕ್ಕೂ ಜೀವ ಅದ" ಎನ್ನುವರು.

ಆ ಜೀವಕ್ಕೆ ಒಂದು ಚಳಿಗಾಲದಲ್ಲಿ ಬ್ರೇಕು ಕೈ ಕೊಟ್ಟಿತು. ಪೆಡಲ್ ಒತ್ತಿದರೆ ಮುಂದಿನ ಗಾಲಿಯಿಂದ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಶಹಾಬಾದಿಗೆ ಹೋಗಿ ಮಶಾಕನ ಹತ್ತಿರ ಮಾಡಿಸು ಎಂದರು ಎಲ್ಲರೂ. ಗೌಡರನ್ನು ಕೂಡಿಸಿಕೊಂಡು ಹೊರಟೆ.

ಮಶಾಕನ ಶೆಡ್ಡು ವಾಡಿ ರಸ್ತೆಯಲ್ಲಿ, ಕಲ್ಲಿನ ಗಣಿಯ ಕಡೆಯಿಂದ ಇಳಿಜಾರು ಇಳಿದು ಬರುವಲ್ಲಿ ಇತ್ತು. ಹೊರಗೆ ಒಂದು ಫರ್ಸಿ ಕಲ್ಲಿನ ಚಪ್ಪಡಿ ನಿಲ್ಲಿಸಿ, ಅದರ ಮೇಲೆ ಡಾಂಬರಿನಿಂದ ಬರೆದಿದ್ದರು: "ಮಶಾಕ ಬ್ರೇಕ್ ಮಿಸ್ತ್ರಿ. ಮುಂದಿನ ಬ್ರೇಕ್ ಮಾತ್ರ." ಮುಂದಿನದು ಬಲ್ಲವನಿಗೆ ಹಿಂದಿನದು ಬಾರದೇ ಎಂದು ನನಗೆ ಆಶ್ಚರ್ಯವಾಗಿತ್ತು. ಒಳಗೆ ಹೋದ ಮೇಲೆ ಆಶ್ಚರ್ಯ ಇನ್ನೂ ಹೆಚ್ಚಾಯಿತು.

ಶೆಡ್ಡಿನ ನಡುವೆ ಬಿದಿರಿನ ಗಳಕ್ಕೆ ಗೋಣಿಚೀಲಗಳನ್ನು ಹೊಲಿದು ಮಾಡಿದ ಪರದೆ ತೂಗುತ್ತಿತ್ತು. ಮಶಾಕ ಹೊರಸಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಊರುಗೋಲು. ಕಾರಿನ ಮೂತಿಯನ್ನು ಪರದೆಯ ಸೀಳಿನೊಳಗೆ ತೂರಿಸಿ ನಿಲ್ಲಿಸಬೇಕು. ಬಾನೆಟ್ಟು ಮತ್ತು ಮುಂದಿನ ಎರಡು ಗಾಲಿ ಆಚೆ, ಉಳಿದ ಗಾಡಿ, ಗಿರಾಕಿ, ಮಶಾಕ ಈಚೆ. ಗೋಣಿ ನೆಲದವರೆಗೆ ಇಳಿದಿರುವುದರಿಂದ ಆಚೆ ಏನು ನಡೆಯುತ್ತದೆಂದು ಕಾಣುವುದಿಲ್ಲ.

"ಕುಂದ್ರಿ ಗೌಡ್ರ, ಚಾ ಕುಡೀರಿ. ಕೆಲಸ ನಡೀತದ" ಎಂದ ಮಶಾಕ. ಕೆಲಸ ಮಾಡುವ ಮಿಸ್ತ್ರಿ ನಮ್ಮೆದುರಿಗೆ ಕೂತು ಚಹಾ ಕುಡಿಯುತ್ತಿದ್ದ. ಪರದೆಯ ಆಚೆ ಜಾಕು ಏರುವ ಸದ್ದು, ನಟ್ಟು ಸಡಿಲಾಗುವ ಸದ್ದು, ನಡುನಡುವೆ ಬಳೆಯ ಸದ್ದು. ಗೌಡರು ನನ್ನ ಮುಖ ನೋಡಿದರು, ನಾನು ಚಹಾದ ಕಪ್ಪು ನೋಡಿದೆ. ಅಲ್ಲಿಗೆ ಬರುವ ಎಲ್ಲರೂ ಹಾಗೇ ಮಾಡುತ್ತಿದ್ದರು. ಗೊತ್ತಿರುವುದು ಒಂದು ಮಾತು, ಆಡುವುದು ಇನ್ನೊಂದು ಮಾತು.

ಹಿಂದಿನ ಸಂಗತಿ ಇಷ್ಟು. ಮಶಾಕ ಖರೆಯ ಮಿಸ್ತ್ರಿಯೇ. ಬ್ರೇಕ್ ಶೂ ಅಂದರೆ ಡ್ರಮ್ಮಿನೊಳಗೆ ಕೂಡುವ ಕಮಾನಿನಂಥ ಎರಡು ಕಬ್ಬಿಣ. ಅವಕ್ಕೆ, ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಲೈನರ್ ಪಟ್ಟಿ ಹಚ್ಚಿ ರಿವೀಟು ಹೊಡೆಯುವುದು ಮನೆಯಲ್ಲಿ ಕೂತು ಮಾಡುವ ಕೆಲಸ, ಅದನ್ನು ಹೆಂಡತಿ ಸೈದಾನಬಿ ಮಾಡುತ್ತಿದ್ದಳು. ಒಮ್ಮೆ ಫರ್ಸಿ ಹೇರಿದ ಟ್ರಕ್ಕಿನ ಜಾಕು ಜಾರಿ ಮಶಾಕನ ನಡ ಮುರಿಯಿತು. ಜೀವ ಉಳಿಯಿತು, ಕುಕ್ಕುರುಗಾಲಲ್ಲಿ ಕೂಡುವ ಶಕ್ತಿ ಹೋಯಿತು. ಗಾಲಿಯ ಮುಂದೆ ಕುಕ್ಕುರುಗಾಲಲ್ಲಿ ಕೂಡಲಾರದವನು ಬ್ರೇಕ್ ಮಿಸ್ತ್ರಿ ಹೇಗಾದಾನು? ಮನೆಯ ಒಲೆ ಉರಿಯಬೇಕಲ್ಲ. ಸೈದಾನಬಿ ಪರದೆ ಹೊಲಿದಳು, ನಟ್ಟು ಬಿಚ್ಚುವ ಪಾನಾ ಹಿಡಿದಳು. ಮರ್ಯಾದೆಗೆ ಮರ್ಯಾದೆಯೂ ಉಳಿಯಿತು, ರೊಟ್ಟಿಗೆ ರೊಟ್ಟಿಯೂ ಆಯಿತು.

ಹಿಂದಿನ ಬ್ರೇಕು ಯಾಕಿಲ್ಲ ಎಂದು ನಾನೇ ಆಮೇಲೆ ಮಶಾಕನನ್ನು ಕೇಳಿದ್ದೆ. ಅವನು ನಾಚಿಕೊಂಡೇ ಹೇಳಿದ: "ಹಿಂದಿನ ಗಾಲಿಗಿ ಕೈಬ್ರೇಕಿನ ಕಂಬಿ ಇರ್ತದ್ರಿ ಅಯ್ನೋರ. ಅದಕ್ಕ ಗಾಡಿ ಹೊಟ್ಟಿ ಕೆಳಗ ಮಕ್ಕೊಂಡು ಮಾಡಬೇಕು. ಮಕ್ಕೊಂಡ್ರ ಕಾಲು ಪರದೆ ಹೊರಗ ಬರ್ತಾವ."

ಹೆಣ್ಣುಮಗಳ ಎರಡು ಪಾದ ರಸ್ತೆಗೆ ಕಾಣಬಾರದೆಂದು ಶಹಾಬಾದಿನ ಗಾಡಿಗಳ ಹಿಂದಿನ ಬ್ರೇಕುಗಳೆಲ್ಲ ಬೇರೆಯವರ ಪಾಲಾಗಿದ್ದವು.

ಅವಳ ಕೆಲಸದ ಬಗೆ ನನಗೆ ಮೊದಲು ತಿಳಿದದ್ದು ಕಿವಿಯಿಂದ. ಶೂ ಕೂಡಿಸಿದ ಮೇಲೆ ಬ್ರೇಕಿನ ಕೊಳವೆಯೊಳಗಿನ ಹವಾ ತೆಗೆಯಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ಸಣ್ಣ ನಟ್ಟು ಬಿಚ್ಚಿ ಕಟ್ಟಬೇಕು. ಎಲ್ಲ ಕಡೆ "ಒತ್ತು, ಹಿಡಿ, ಬಿಡು" ಎಂದು ಕೂಗಾಡುತ್ತಾರೆ. ಇಲ್ಲಿ ಕೂಗಿಲ್ಲ. ಮಶಾಕ ನನ್ನನ್ನು ಸೀಟಿನಲ್ಲಿ ಕೂಡಿಸಿ, "ಒಂದ್ ಸಲ ಟಕ್ ಅಂದ್ರ ಒತ್ರಿ, ಎರಡ್ ಸಲ ಅಂದ್ರ ಬಿಡ್ರಿ" ಎಂದ. ಕಣ್ಣ ಮುಂದೆ ಗಾಜು, ಗಾಜಿನ ಮುಂದೆ ಗೋಣಿ. ಆಚೆಯಿಂದ ಡ್ರಮ್ಮಿನ ಮೇಲೆ ಪಾನಾ ಟಕ್ ಎಂದಿತು. ಒತ್ತಿದೆ. ಟಕ್ ಟಕ್. ಬಿಟ್ಟೆ. ಅವಸರವಿಲ್ಲ, ತಡವರಿಕೆಯಿಲ್ಲ. ನಾನು ಒಮ್ಮೆ ಮರೆತು ಬೇಗ ಬಿಟ್ಟಾಗ ಟಕ್ ಟಕ್ ಟಕ್ ಎಂದು ಬೈದಳು. ಆ ಬೈಗುಳ ನನಗೆ ಬಹಳ ಹಿಡಿಸಿತು.

ಕೆಲಸ ಮುಗಿದ ಮೇಲೆ ಆ ಶೆಡ್ಡಿನ ಒಂದು ರಿವಾಜು ಇತ್ತು. ಇಳಿಜಾರಿನ ಬುಡದಲ್ಲಿ ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆ ಎಳೆಯುವರು. ಗೆರೆಯ ಆಚೆ ಒಂದು ತಗಡಿನ ಕುರ್ಚಿ ಹಾಕಿ ಮಶಾಕ ಕೂಡುವನು. ಗಾಡಿಯವನು ಮೇಲಿನಿಂದ ಇಳಿದು ಬಂದು ಗೆರೆಯ ಮುಂದೆ ಬ್ರೇಕು ಹಾಕಬೇಕು. ನಾನು ಅಂದು ಮೇಲೆ ನಿಂತು ಎರಡು ಸಲ ಪೆಡಲ್ ಒತ್ತಿ ನೋಡಿಕೊಂಡೆ. ಮಶಾಕ ಮಾತ್ರ ಬೀಡಿ ಹಚ್ಚಿಕೊಂಡು ಕೂತಿದ್ದ. ಕಾರು ಗೆರೆ ಮುಟ್ಟದೆ ನಿಂತಿತು.

"ಗಂಡಸು ಅಂದ್ರ ಇವ ನೋಡ್ರಿ" ಎಂದರು ಗೌಡರು. ಎಲ್ಲರೂ ಹಾಗೇ ಅನ್ನುತ್ತಿದ್ದರು. ನನಗೆ ಅನಿಸಿದ್ದು ಬೇರೆ. ಅವನು ಕೂತದ್ದು ತನ್ನ ಕೆಲಸದ ಮುಂದಲ್ಲ, ಹೆಂಡತಿಯ ಕೆಲಸದ ಮುಂದೆ. ಲೋಕದಲ್ಲಿ ಎಷ್ಟು ಗಂಡಸರು ಹಾಗೆ ಕೂತಾರು?

ಊರಿಗೆ ಬಂದೆವು. ಬ್ರೇಕು ಚಲೋ ಹಿಡಿಯುತ್ತಿತ್ತು. ಆದರೆ ಹಿಡಿದಾಗೊಮ್ಮೆ ಬಲಗಡೆಯ ಗಾಲಿ ಕುಂಯ್ ಎಂದು ಕೂಗುತ್ತಿತ್ತು. ನನಗೆ ಅದೇನೂ ತ್ರಾಸು ಅನಿಸಲಿಲ್ಲ. ಗೌಡರಿಗೆ ಮಾತ್ರ ಕೂಗುವ ಗಾಲಿಯ ಸದ್ದು ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗೆ.

ಅಮಾವಾಸ್ಯೆಗೆ ಸನ್ನತಿಯ ಚಂದ್ರಲಾಂಬೆಯ ದರ್ಶನಕ್ಕೆ ಹೊರಟೆವು. ಹಿಂದೆ ಗೌಡರು, ಅವರ ಹೆಂಡತಿ ಮಹಾದೇವಮ್ಮ, ಅವರ ತೊಡೆಯ ಮೇಲೆ ಹಣ್ಣುಕಾಯಿಯ ಬುಟ್ಟಿ. ಹಾದಿಯಲ್ಲಿ ಒಂದು ಹಳ್ಳಕ್ಕೆ ಇಳಿಯುವ ಇಳಿಜಾರು ಬಂತು. ಬ್ರೇಕು ಒತ್ತಿದೆ. ಗಾಡಿ ನಿಲ್ಲುವುದು ಬಿಟ್ಟು, ಯಾರೋ ಮೂಗುದಾರ ಜಗ್ಗಿದ ಹಾಗೆ ಎಡಕ್ಕೆ ಎಳೆಯಿತು. ಸ್ಟೇರಿಂಗಿಗೆ ಜೋತು ಬಿದ್ದರೂ ತಿರುಗಲಿಲ್ಲ. ರಸ್ತೆ ಬಿಟ್ಟು ಹೊಲಕ್ಕೆ ನುಗ್ಗಿ, ರಾಶಿಗೆಂದು ಒಟ್ಟಿದ ತೊಗರಿ ಬಣವೆಯೊಳಗೆ ಹೊಕ್ಕು ನಿಂತಿತು. ದೇವಿಗೆ ಒಯ್ಯುತ್ತಿದ್ದ ಕಾಯಿ ಅಲ್ಲೇ ಒಡೆಯಿತು. ಮಹಾದೇವಮ್ಮನ ಹಣೆಗೆ ಪೆಟ್ಟಾಗಿ ರಕ್ತ ಬಂತು. ಬಣವೆ ಇಲ್ಲದಿದ್ದರೆ ಮುಂದೆ ಹಳ್ಳದ ಬಂಡೆಗಳೇ ಇದ್ದವು.

ಹೆಂಡತಿಯ ಹಣೆಯ ರಕ್ತ ನೋಡಿ ಗೌಡರ ಸಿಟ್ಟು ನೆತ್ತಿಗೇರಿತು. ಅವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಆದರೆ ಅವರು ಆಡಿದ ಮಾತು ಆಡಬಾರದ ಮಾತು. ಚಿತ್ತಾಪುರದ ಸಂತೆಯಲ್ಲಿ, ವಾಡಿಯ ಸ್ಟೇಷನ್ನಿನ ಹತ್ತಿರ, ಶಹಾಬಾದಿನ ಚಹಾದಂಗಡಿಯಲ್ಲಿ ನಿಂತು ಕೂಗಿ ಹೇಳಿದರು: "ಮಶಾಕ ಎಲ್ಲಿ ಕಟ್ತಾನ್ರೀ ಬ್ರೇಕು? ಅವನ ಹೆಂಡ್ತಿ ಕಟ್ತಾಳ. ಹೆಂಗಸರ ಕೈಲೆ ಬ್ರೇಕ್ ಕಟ್ಟಿಸಿದ್ರ ಹಿಂಗ ಆಗ್ತದ."

ಊರ ಬಾಯಿಗೆ ಮುಚ್ಚಳ ಎಲ್ಲಿಯದು? ಬಳೆಯ ಸದ್ದು ಕೇಳುತ್ತಾ ಚಹಾ ಕುಡಿದವರೇ "ಹೌದಾ? ನಮಗ ಗೊತ್ತೇ ಇರಲಿಲ್ಲಲ್ಲ!" ಎಂದು ಎದೆ ಮುಟ್ಟಿಕೊಂಡರು. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಟ್ರಕ್ಕಿನವರು ಮಶಾಕನ ಶೆಡ್ಡಿನ ಮುಂದೆ ನಿಲ್ಲದೆ ಮುಂದೆ ಹೋಗತೊಡಗಿದರು. ಹೀಗೇ ನಡೆದರೆ ಆ ಮನೆಯ ಒಲೆ ಆರುವುದು ಖಂಡಿತ ಎಂದು ನನಗೆ ಸಂಕಟವಾಯಿತು.

ಗೌಡರಿಗೆ ಅಷ್ಟೂ ಸಾಲಲಿಲ್ಲ. "ಗಾಡಿ ಅಲ್ಲೇ ಒಯ್ದು ಅವನ ಮುಂದ ನಿಲ್ಲಿಸ್ರಿ. ನಾಕು ಮಂದ್ಯಾಗ ಕೇಳ್ತೀನಿ" ಎಂದರು. ಮುಂದಿನ ಮಡ್‌ಗಾರ್ಡು ಸೊಟ್ಟಗಾದ ಗಾಡಿಯನ್ನು ಮೊದಲನೇ ಗೇರಿನಲ್ಲಿ, ಕೈಬ್ರೇಕಿನ ಭರವಸೆಯಲ್ಲಿ ಶಹಾಬಾದಿಗೆ ತಂದೆ. ಶೆಡ್ಡು ಬಿಕೋ ಎನ್ನುತ್ತಿತ್ತು. ಚಹಾದಂಗಡಿಯ ಮಂದಿ ತಮಾಷೆ ನೋಡಲು ನಮ್ಮ ಹಿಂದೆಯೇ ಬಂದರು.

ಮಶಾಕ ಊರುಗೋಲು ಹಿಡಿದು ಎದ್ದ. ಗೌಡರು ಬಾಯಿ ತೆರೆಯುವ ಮೊದಲೇ ಕೈ ಮುಗಿದ. "ಗೌಡ್ರ, ತಪ್ಪು ನಂದು. ಅವತ್ತ ಬ್ರೇಕ್ ನಾನೇ ಕಟ್ಟಿದ್ದೆ. ಅಲ್ಲಾನ ಆಣಿ..."

"ಆಣಿ ಹಾಕಬ್ಯಾಡ್ರಿ."

ಪರದೆಯ ಹಿಂದಿನಿಂದ ಬಂದ ದನಿ. ಗೋಣಿ ಸರಿಯಿತು. ತಲೆಯ ತುಂಬ ಸೆರಗು ಹೊದ್ದ ಕುಳ್ಳನೆಯ ಹೆಣ್ಣುಮಗಳು ಹೊರಗೆ ಬಂದು, ಅಷ್ಟು ಮಂದಿಯ ನಡುವೆ ನಿಂತಳು. ಮುಂಗೈಯವರೆಗೆ ಕಪ್ಪು ಎಣ್ಣೆಯ ಕಲೆ.

"ಅವರು ಕಟ್ಟಿಲ್ರಿ. ನಾ ಕಟ್ಟಿದ್ದು" ಎಂದಳು.

ಇಷ್ಟು ವರ್ಷ ಕಟ್ಟಿದ ಒಳ್ಳೆಯ ಬ್ರೇಕುಗಳಲ್ಲಿ ಒಂದನ್ನೂ ಅವಳು ತನ್ನದೆಂದು ಹೇಳಿಕೊಂಡಿರಲಿಲ್ಲ. ಹೊಗಳಿಕೆಯೆಲ್ಲ ಗಂಡನಿಗೆ ಬಿಟ್ಟಿದ್ದಳು. ಬೈಗುಳ ತಿನ್ನುವ ದಿನ ಮಾತ್ರ ಹೊರಗೆ ಬಂದು ನನ್ನದು ಎಂದಳು. ನನ್ನ ಕಣ್ಣಲ್ಲಿ ನೀರು ಬಂತು.

"ಗಾಡಿ ಒಳಗ ಬ್ಯಾಡ. ಇಲ್ಲೇ ರಸ್ತಾದಾಗ ಬಿಚ್ತೀನಿ. ತಪ್ಪು ನಂದಿದ್ರ ಎಲ್ಲಾರೂ ನೋಡ್ಲಿ. ನಂದೇ ಆದ್ರ ಇವತ್ತಿನಿಂದ ಪಾನಾ ಹಿಡಿಯೂದಿಲ್ಲ" ಎಂದಳು ಸೈದಾನಬಿ.

ಜಾಕು ಏರಿಸಿ ಬಲಗಡೆಯ ಗಾಲಿ ಬಿಚ್ಚಿದಳು. ಡ್ರಮ್ಮು ಎಳೆದಳು. ಒಳಗೆ ಲೈನರ್ ಕರ್ರಗೆ ಜಿಡ್ಡಾಗಿ ಹೊಳೆಯುತ್ತಿತ್ತು. ಮಂದಿಯಲ್ಲಿ ಯಾರೋ "ಆಯಿಲ್ ಸೋರ್‍ಯದ, ಮುಗೀತು ತಗೋ" ಎಂದರು. ಬ್ರೇಕ್ ಆಯಿಲ್ ಸೋರಿದ್ದರೆ ಅದು ಕಟ್ಟಿದವರದೇ ತಪ್ಪು. ಮಶಾಕ ಮುಖ ಮುಚ್ಚಿಕೊಂಡ. ಅವಳು ಆಯಿಲ್ ಬರುವ ಕಡೆಯ ರಬ್ಬರಿನ ಟೊಪ್ಪಿಗೆಯನ್ನು ಉಗುರಿನಿಂದ ಎತ್ತಿ ನೋಡಿದಳು. ಒಳಗೆ ಒಣ ಒಣ. ಮತ್ತೆ ಲೈನರಿನ ಜಿಡ್ಡನ್ನು ಬೆರಳಿಗೆ ಹಚ್ಚಿ ತಿಕ್ಕಿದಳು, ಮೂಗಿಗೆ ಹಿಡಿದಳು.

ಅವಳ ಮುಖದಲ್ಲಿ ಒಂದು ವಿಚಿತ್ರವಾದ ನಗು ಬಂದು ಹೋಯಿತು. ನನ್ನ ಮೂಗಿಗೂ ಆ ವಾಸನೆ ಬಡಿಯಿತು. ಔಡಲೆಣ್ಣೆ, ಅದರಲ್ಲಿ ಸುಟ್ಟ ಹುಲ್ಲಿನ ಬೂದಿ. ಬಂಡಿಯ ಗಾಲಿಗೆ ಹಾಕುವ ಕೀಲೆಣ್ಣೆ! ಡ್ರಮ್ಮಿನ ಮುಖದಲ್ಲಿ ಶೂ ಬಿಗಿ ಮಾಡಲೆಂದು ಒಂದು ತೂತು ಇರುತ್ತದೆ, ಗಾಲಿಯ ತಟ್ಟೆ ತೆಗೆದರೆ ಕಾಣುತ್ತದೆ. ಆ ತೂತಿನ ಸುತ್ತ ಎಣ್ಣೆ ಇಳಿದ ಕಲೆ ಇನ್ನೂ ಇತ್ತು.

ನಾನು ಗೌಡರನ್ನು ನೋಡಿದೆ. ಗೌಡರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಂಡಿಯ ಕೆಳಗೆ ತೂಗುವ ಎಣ್ಣೆಯ ಗೊಟ್ಟ, ಕೂಗುವ ಗಾಲಿ, ಎತ್ತಿನ ಮನುಷ್ಯ: ನನಗೆ ಎಲ್ಲ ಒಮ್ಮೆಲೇ ಹೊಳೆಯಿತು. ಕಾರಿಗೂ ಜೀವ ಇದೆ ಎನ್ನುವವರು, ಅದು ಕೂಗುವುದನ್ನು ತಾಳಲಾರದೆ ನಾನಿಲ್ಲದ ಹೊತ್ತಿನಲ್ಲಿ ಪ್ರೀತಿಯಿಂದ ಕೀಲೆಣ್ಣೆ ಬಿಟ್ಟಿದ್ದರು. ಎಡಗಡೆಯ ಗಾಲಿ ಕೂಗುತ್ತಿರಲಿಲ್ಲ, ಅದಕ್ಕೆ ಬಿಟ್ಟಿರಲಿಲ್ಲ. ಬ್ರೇಕು ಎಡಕ್ಕೆ ಹಿಡಿಯಿತು, ಬಲಕ್ಕೆ ಜಾರಿತು, ಗಾಡಿ ಬಣವೆಗೆ ಹೋಯಿತು.

ಸೈದಾನಬಿಗೂ ತಿಳಿಯಿತು. ಗೌಡರ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಈಗ ಅವಳು ಒಂದು ಮಾತು ಆಡಿದರೆ ಸಾಕು, ನಾಲ್ಕು ಊರಿನಲ್ಲಿ ಗೌಡರು ನಗೆಪಾಟಲು. ನಾನಾಗಿದ್ದರೆ ಆಡುತ್ತಿದ್ದೆ, ಕೈ ತಟ್ಟಿ ಆಡುತ್ತಿದ್ದೆ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ಗೌಡ್ರ, ಗಾಲಿ ಕೂಗಲಿಕತ್ತಿತ್ತೇನ್ರಿ?"

"ಕೂಗ್ತಿತ್ತವ್ವ" ಎಂದರು ಗೌಡರು. ಆ ದನಿ ಅವರದೆಂದು ನಂಬುವುದೇ ಕಷ್ಟವಾಯಿತು.

"ಕೂಗೋ ಗಾಲಿಗಿ ಎಣ್ಣಿ ಹಾಕೇ ಹಾಕ್ತಾರ್ರಿ. ನಮ್ಮಪ್ಪನೂ ಬಂಡಿ ಹೊಡೀತಿದ್ದ. ಗಾಲಿ ಕೂಗಿದ್ರ ಉಣ್ಣೂದು ಬಿಟ್ಟು ಏಳ್ತಿದ್ದ. ಖರೆ, ಬಂಡಿದು ಉರುಳೋ ಗಾಲಿ, ಇದು ನಿಂದ್ರಿಸೋ ಗಾಲಿ. ಹೊಸಾ ಲೈನರ್ ಡ್ರಮ್ಮಿಗಿ ಹೊಂದೂತನಕ ನಾಕು ದಿನ ಕೂಗ್ತದ. ಇದಕ್ಕ ಎಣ್ಣಿ ತಾಕಿಸಬಾರದು. ನಾ ಅವತ್ತೇ ನಿಮಗ ಹೇಳಬೇಕಿತ್ತು." ಅವಳು ಗೋಣಿಯ ಕಡೆ ನೋಡಿದಳು. "ಪರದೆ ಹಿಂದ ಕುಂತು ಹೆಂಗ ಹೇಳ್ಲಿ?"

ತಮಾಷೆ ನೋಡಲು ಬಂದವರು ನೆಲ ನೋಡಿದರು. ಗೌಡರೇ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ಎಣ್ಣಿ ನಾ ಬಿಟ್ಟಿದ್ದೆ. ನನ್ನ ಹೆಂಡ್ತಿ ಹಣಿ ಒಡದದ್ದು ನನ್ನ ಕೈಲೆ. ಈ ತಾಯಿ ಕೈಲೆ ಅಲ್ಲ." ಗೌಡರನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬೈದಿದ್ದೇನೆ. ಅಂದು ಮಾತ್ರ ಅವರ ವಿಭೂತಿಗೆ ಬೆಲೆ ಬಂತು.

ಸೈದಾನಬಿ ಕೂತಳು. ಎಣ್ಣೆ ಕುಡಿದ ಲೈನರನ್ನು ಎಷ್ಟು ತೊಳೆದರೂ ಉಪಯೋಗವಿಲ್ಲ, ಕಿತ್ತು ಒಗೆದಳು. ಎಡಗಡೆಯದು ಚೆನ್ನಾಗಿದ್ದರೂ ಅದನ್ನೂ ಬಿಚ್ಚಿದಳು. ಒಂದೇ ಕಡೆ ಹೊಸದು ಹಾಕಿದರೆ ಗಾಡಿ ಮತ್ತೆ ಎಳೆಯುತ್ತದೆ. ಮಶಾಕ ಲೈನರ್ ಕೊಯ್ದು ಕೊಟ್ಟ, ಅವಳು ಫರ್ಸಿಯ ಮೇಲಿಟ್ಟು ರಿವೀಟು ಹೊಡೆದಳು. ಡ್ರಮ್ಮನ್ನು ಪೆಟ್ರೋಲಿನಿಂದ ತೊಳೆದಳು. ಲೈನರಿಗೆ ಸೀಮೆಸುಣ್ಣ ಬಳಿದು, ಡ್ರಮ್ಮು ಕೂಡಿಸಿ ತಿರುಗಿಸಿ, ಮತ್ತೆ ಎಳೆದು ನೋಡಿದಳು. ಸುಣ್ಣ ಅಳಿಸಿದಲ್ಲಿ ಉಬ್ಬು, ಉಳಿದಲ್ಲಿ ತಗ್ಗು. ಉಬ್ಬಿದ್ದಲ್ಲಿ ಕಾನಸಿನಿಂದ ಉಜ್ಜಿ ಸಮ ಮಾಡಿ, ಮತ್ತೆ ಸುಣ್ಣ, ಮತ್ತೆ ಡ್ರಮ್ಮು. ರೊಟ್ಟಿ ತಟ್ಟುವಾಗ ದಪ್ಪ ಎಲ್ಲಿ ಇದೆ ಎಂದು ಅಂಗೈಗೆ ಗೊತ್ತಾಗುವ ಹಾಗೆ ಅವಳಿಗೆ ಗೊತ್ತಾಗುತ್ತಿತ್ತು. ಗೋಣಿಯ ಆಚೆ ಇಷ್ಟು ದಿನ ನಡೆದದ್ದು ಇದು. ನಾವು ಈಚೆ ಕೂತು ಚಹಾ ಕುಡಿದು ಬೇರೆಯವನನ್ನು ಹೊಗಳಿ ಹೋಗಿದ್ದೆವು.

ಹವಾ ತೆಗೆಯಲು ನಾನು ಸೀಟಿನಲ್ಲಿ ಕೂತೆ. ಟಕ್ ಎನ್ನುವುದೆಂದು ಕಾದೆ.

"ಒತ್ರಿ ಅಯ್ನೋರ" ಎಂದಳು. "ಹಿಡೀರಿ... ಬಿಡ್ರಿ."

ಕೊನೆಗೆ ಗೆರೆ ಎಳೆದರು. ಮಶಾಕ ಕುರ್ಚಿಯ ಕಡೆ ಕೈ ಚಾಚಿದ. ಸೈದಾನಬಿ ಅದನ್ನು ಮೊದಲೇ ಎತ್ತಿಕೊಂಡಳು. ಅವನು ಒಂದು ಗಳಿಗೆ ಅವಳ ಮುಖ ನೋಡಿ, ದಾರಿ ಬಿಟ್ಟ. ಅವಳು ಗೆರೆಯ ಆಚೆ ಕುರ್ಚಿ ಹಾಕಿ, ಸೆರಗು ಬಿಗಿ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ನಾನು ಗಾಡಿಯನ್ನು ಇಳಿಜಾರಿನ ಮೇಲಕ್ಕೆ ಒಯ್ದು ತಿರುಗಿಸಿದೆ. ಕೆಳಗೆ ಅವಳು ಬೊಂಬೆಯಷ್ಟು ಸಣ್ಣಗೆ ಕಾಣುತ್ತಿದ್ದಳು. ನನಗೆ ಕ್ಲಚ್ ಬಿಡಲು ಕಾಲು ಬರಲಿಲ್ಲ. ಹೆಣ್ಣುಮಗಳ ಮೇಲೆ ಗಾಡಿ ಬಿಡುವುದೆಂದರೇನು?

ಆಗ ಗೌಡರು ಮಂದಿಯಿಂದ ಹೊರಗೆ ಬಂದರು. ರುಮಾಲು ಸರಿ ಮಾಡಿಕೊಂಡು, ಧೋತರ ಎತ್ತಿ ಹಿಡಿದು ನಡೆದು ಹೋಗಿ, ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಲ್ಲಿಂದ ಕೂಗಿದರು: "ಬರ್ರಿ ಅಯ್ನೋರ! ಬಿಡ್ರಿ ಗಾಡಿ!"

ಬಿಟ್ಟೆ. ಇಳಿಜಾರಿನಲ್ಲಿ ಗಾಡಿ ವೇಗ ಹಿಡಿಯಿತು. ಇಬ್ಬರೂ ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು. ಬ್ರೇಕು ಒತ್ತಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೆಟ್ಟಗೆ ಬಂದು ಗೆರೆಯ ಈಚೆ ನಿಂತಿತು. ನಿಲ್ಲುವಾಗ ಎರಡೂ ಗಾಲಿ ಕುಂಯ್ ಎಂದು ಗಣಿಯವರೆಗೆ ಕೇಳುವ ಹಾಗೆ ಕೂಗಿದವು.

ಸೈದಾನಬಿ ಗೌಡರ ಕಡೆ ತಿರುಗಿದಳು.

"ಕೂಗಲಿ ಬಿಡವ್ವ" ಎಂದರು ಗೌಡರು. "ಎಷ್ಟು ಕೂಗ್ತದೋ ಕೂಗಲಿ."

ಸುದ್ದಿ ಕೆಡಿಸಿದ ಬಾಯೇ ಮುಂದೆ ಸುದ್ದಿ ಕಟ್ಟಿತು. ಚಿತ್ತಾಪುರದಿಂದ ಸೇಡಂವರೆಗೆ ಗೌಡರು ಸಿಕ್ಕವರನ್ನೆಲ್ಲ ನಿಲ್ಲಿಸಿ, ತಾವು ಎಣ್ಣೆ ಬಿಟ್ಟ ಕತೆಯನ್ನು ತಾವೇ ಹೇಳಿ, "ಬ್ರೇಕ್ ಅಂದ್ರ ಸೈದಾನಬಿ" ಎಂದು ಮುಗಿಸುತ್ತಿದ್ದರು. ಟ್ರಕ್ಕುಗಳು ತಿರುಗಿ ಬಂದವು. ಮೊದಲಿಗಿಂತ ಹೆಚ್ಚೇ ಬಂದವು.

ನಾನು ಮತ್ತೆ ಆ ಕಡೆ ಹೋದದ್ದು ಮಳೆಗಾಲ ಮುಗಿದ ಮೇಲೆ. ಶೆಡ್ಡಿನಲ್ಲಿ ಬಿದಿರಿನ ಗಳ ಬರಿದಾಗಿತ್ತು. ಕಲ್ಲಿನ ಮೇಲಿನ "ಮುಂದಿನ" ಮತ್ತು "ಮಾತ್ರ" ಎಂಬ ಎರಡು ಮಾತಿನ ಮೇಲೆ ಯಾರೋ ಡಾಂಬರು ಬಳಿದಿದ್ದರು. ಮಶಾಕ ಹೊರಸಿನ ಮೇಲೆ ಕೂತು ಒಂದು ಟ್ರಕ್ಕಿನ ಶೂಗೆ ರಿವೀಟು ಹೊಡೆಯುತ್ತಿದ್ದ.

"ಅಕ್ಕ ಎಲ್ಲಿ?" ಎಂದು ಕೇಳಿದೆ.

ಅವನು ಸುತ್ತಿಗೆಯಿಂದ ತೋರಿಸಿದ. ಹಿಂದಿನ ಗಾಲಿ ಬಿಚ್ಚಿದ ಟ್ರಕ್ಕಿನ ಕೆಳಗೆ ಆ ಗೋಣಿ ಹಾಸಿತ್ತು. ಅದರ ತುದಿಯಿಂದ ಎರಡು ಪಾದಗಳು ರಸ್ತೆಯ ಕಡೆಗೆ ಹೊರಗೆ ಬಂದಿದ್ದವು.

"ಯಾರು, ಅಯ್ನೋರಾ?" ಎಂದು ಕೆಳಗಿನಿಂದ ದನಿ ಬಂತು. "ಛಲೋ ಆತು ಬಂದ್ರಿ. ಹತ್ರಿ ಮ್ಯಾಲ, ಕೈಬ್ರೇಕ್ ಎಳೀರಿ ನೋಡೋಣು."